ನೊರೆಯ ಆಯಸ್ಸು

ಶುದ್ಧ ನೀರನ್ನು ಬಾಟಲಿಯಲ್ಲಿ ಹಾಕಿ ಎಷ್ಟೇ ಕುಲುಕಿದರೂ ನೊರೆ ನಿಲ್ಲುವುದಿಲ್ಲ. ಒಂದು ಚಿಟಿಕೆ ಸೋಪಿನ ಪುಡಿ ಬೆರೆಸಿದರೆ ಅದೇ ನೀರಿನ ನೊರೆ ಬಹಳ ಹೊತ್ತು ಉಳಿಯುತ್ತದೆ. ಸೋಪು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ, ಅದಕ್ಕೇ ಹೀಗಾಗುತ್ತದೆ ಎಂಬ ಉತ್ತರ ಎಲ್ಲರಿಗೂ ಗೊತ್ತು. ಆದರೆ ಆ ಉತ್ತರ ಅರ್ಧ ಮಾತ್ರ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್, ಸೋಪುನೀರಿನದು ಸುಮಾರು 25ರಿಂದ 35. ಶುದ್ಧ ಎಥನಾಲಿನದು ಬರೀ 22. ಹಾಗಿದ್ದರೆ ಎಥನಾಲ್ ಸೋಪುನೀರಿಗಿಂತಲೂ ಚೆನ್ನಾಗಿ ನೊರೆಗಟ್ಟಬೇಕಿತ್ತಲ್ಲ? ಕಟ್ಟುವುದಿಲ್ಲ.

ಗುಟ್ಟಿರುವುದು ಎಳೆತ ಜಾಗದಿಂದ ಜಾಗಕ್ಕೆ ಬದಲಾಗುವುದರಲ್ಲಿ. ತಂತಿಯ ಚೌಕಟ್ಟನ್ನು ಸೋಪುನೀರಿನಲ್ಲಿ ಅದ್ದಿ ನೆಟ್ಟಗೆ ಹಿಡಿಯಿರಿ. ಅದರಲ್ಲಿ ಮೂಡುವ ಪೊರೆ ನೊರೆಗುಳ್ಳೆಯ ಗೋಡೆಯಂಥದೇ. ಪೊರೆಯ ಎರಡೂ ಮೈಗಳಲ್ಲಿ ಸೋಪಿನ ಅಣುಗಳು, ಅಂದರೆ ಮೇಲ್ಮೈ ಎಳೆತ ತಗ್ಗಿಸುವ ಸರ್ಫ್ಯಾಕ್ಟಂಟ್ ಅಣುಗಳು, ನೀರಿಗೆ ಒಗ್ಗುವ ತಲೆಯನ್ನು ಒಳಗಿಟ್ಟು, ಒಗ್ಗದ ಬಾಲವನ್ನು ಗಾಳಿಗೆ ಚಾಚಿ, ಒತ್ತೊತ್ತಾಗಿ ನಿಂತಿರುತ್ತವೆ. ಒಳಗಿನ ನೀರು ಕೆಳಗೆ ಜಾರುವಾಗ ಅವನ್ನೂ ಎಳೆದೊಯ್ಯುತ್ತದೆ. ಮೇಲ್ಭಾಗದಲ್ಲಿ ಅಣುಗಳು ವಿರಳವಾದಂತೆ ಅಲ್ಲಿನ ಎಳೆತ ಹೆಚ್ಚಿ ಕೆಳಗಿನ ಮೈಯನ್ನು ಮೇಲಕ್ಕೆ ಜಗ್ಗುತ್ತದೆ. ಪೊರೆಯ ಭಾರವನ್ನೆಲ್ಲ ಹೊರುವುದು ಈ ವ್ಯತ್ಯಾಸವೇ. ಶುದ್ಧ ದ್ರವದಲ್ಲಿ ಎಳೆತ ಎಲ್ಲೆಡೆ ಒಂದೇ ಆದ್ದರಿಂದ ಪೊರೆಗೆ ಆಧಾರವೇ ಇರುವುದಿಲ್ಲ.

ಪೊರೆ ಎಲ್ಲಾದರೂ ಹಿಗ್ಗಿ ತೆಳುವಾದರೂ ಇದೇ ನಡೆಯುತ್ತದೆ. ಅಲ್ಲಿ ಎಳೆತ ಏರಿ, ಸುತ್ತಲಿನ ಮೈ ನೀರನ್ನೂ ಕರೆದುಕೊಂಡು ಅತ್ತ ಹರಿಯುತ್ತದೆ. ಗಾಯ ತಾನಾಗಿ ಮಾಯ್ದಂತೆ. ಇಂಥ ಹರಿವನ್ನು ಇಟಲಿಯ ಕಾರ್ಲೊ ಮರಂಗೋನಿ 1865ರಲ್ಲಿ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಪೊರೆಗೆ ಹೀಗೆ ಬರುವ ಸ್ಥಿತಿಸ್ಥಾಪಕತೆಯನ್ನು ಅಮೆರಿಕದ ಗಿಬ್ಸ್ 1870ರ ದಶಕದಲ್ಲಿ ಲೆಕ್ಕಕ್ಕೆ ತಂದರು. ಸರ್ಫ್ಯಾಕ್ಟಂಟ್ ಅತಿಯಾದರೆ ಮಾತ್ರ ಲಾಭ ಕುಗ್ಗಬಹುದು. ಒಳಗಿನ ದ್ರವದಿಂದಲೇ ಅಣುಗಳು ಬೇಗ ಬಂದು ವಿರಳವಾದ ಜಾಗವನ್ನು ತುಂಬಿಬಿಡುತ್ತವೆ, ಎಳೆತದ ವ್ಯತ್ಯಾಸ ಅಳಿಯುತ್ತದೆ, ಪೊರೆ ತೆಳುವಾಗಿಯೇ ಉಳಿಯುತ್ತದೆ.

ನೀರು ಬಸಿಯುವ ವೇಗವೂ ಮೈ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ನಿಂತಿದೆ. ಬಿಗಿಯಾದ ಮೈಗಳ ನಡುವೆ ನೀರು ಎರಡು ಗೋಡೆಗಳ ಸಂದಿನಲ್ಲಿ ಹರಿದಂತೆ ನಿಧಾನವಾಗುತ್ತದೆ. ಪೊರೆಯ ದಪ್ಪ ಅರ್ಧಕ್ಕಿಳಿದರೆ ಹರಿವು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಸರ್ಫ್ಯಾಕ್ಟಂಟಿನ ದ್ರಾವಣಕ್ಕೆ ಲೇಶ ಲಾರಿಲ್ ಆಲ್ಕೊಹಾಲ್ ಬೆರೆಸಿದರೆ ಮೈ ಬಿಗಿದು ಪೊರೆ ಬಸಿಯುವುದು ಬಹಳ ತಡವಾಗುತ್ತದೆ. ಬಸಿದು ಬಸಿದು ಪೊರೆ ಬಣ್ಣಗಳನ್ನೆಲ್ಲ ದಾಟಿ ಮೇಲ್ತುದಿಯಲ್ಲಿ ಕಪ್ಪಾಗುತ್ತದೆ. ನ್ಯೂಟನ್ ಗಮನಿಸಿದ್ದ ಕಪ್ಪು ಅದು. ಅಲ್ಲಿ ದಪ್ಪ ಹತ್ತಾರು ನ್ಯಾನೋಮೀಟರಿಗಿಂತ ಹೆಚ್ಚಿಲ್ಲ. ಎರಡು ಮೈಗಳಿಂದ ಮರಳುವ ಬೆಳಕು ಒಂದನ್ನೊಂದು ಅಳಿಸುತ್ತದೆ. ಅಷ್ಟು ತೆಳುವಾದರೂ ಪೊರೆ ಒಡೆಯದಿರಲು ಕಾರಣ, ಎದುರುಬದುರಾದ ವಿದ್ಯುದಾವೇಶದ ತಲೆಗಳು ಪರಸ್ಪರ ದೂಡುವುದು.

ನೊರೆಯ ಈ ಬಾಳಿಕೆಯೇ ಬೆಂಗಳೂರಿಗೆ ತಲೆನೋವಾಗಿದೆ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಉಕ್ಕಿದ ನೊರೆ ರಸ್ತೆಗೆ ಹಾರಿದ್ದನ್ನು, 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿದ್ದನ್ನು ನಾವು ಕಂಡಿದ್ದೇವೆ. ಮನೆಮನೆಯ ಬಟ್ಟೆ ತೊಳೆದ ನೀರಿನ ಸರ್ಫ್ಯಾಕ್ಟಂಟ್ ಪೂರ್ತಿ ಕೊಳೆಯದೆ ಕೆರೆಯ ಹೂಳಿಗೆ ಅಂಟಿಕೊಂಡಿರುತ್ತದೆ. ಜೋರು ಮಳೆ ಬಂದಾಗ ಹೂಳು ಕದಡಿ, ಸರ್ಫ್ಯಾಕ್ಟಂಟ್ ಮತ್ತೆ ನೀರಿಗಿಳಿದು, ಆ ನೀರು ಕೋಡಿಯಲ್ಲಿ ಧುಮುಕುವಾಗ ಗಾಳಿಯೊಡನೆ ನೊರೆಯೇಳುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ನೀರಿನಲ್ಲಿ ತೇಲುವ ಕಣಗಳೂ ಬ್ಯಾಕ್ಟೀರಿಯಗಳೂ ಆ ಪೊರೆಗಳನ್ನು ಇನ್ನಷ್ಟು ಗಟ್ಟಿಮಾಡುತ್ತವೆ.

ಬೇಳೆ ಉಕ್ಕದಿರಲೆಂದು ಅಡುಗೆಮನೆಯಲ್ಲಿ ಒಂದು ತೊಟ್ಟು ಎಣ್ಣೆ ಬಿಡುತ್ತೇವೆ. ಎಣ್ಣೆ ಪೊರೆಯನ್ನು ಸೇರಿ ಹರಡುತ್ತ ಅದನ್ನು ಒಡೆಯುತ್ತದೆ. ಕೆರೆಗೆ ಅಂಥ ಉಪಾಯ ಸಾಲದು. ನೀರು ಚಿಮುಕಿಸಿ, ಬಲೆ ಕಟ್ಟಿ ಗುಳ್ಳೆಗಳನ್ನು ಒಡೆದರೂ ಸರ್ಫ್ಯಾಕ್ಟಂಟ್ ನೀರಿನಲ್ಲೇ ಉಳಿಯುತ್ತದೆ, ಮುಂದಿನ ಮಳೆಗೆ ನೊರೆ ಮತ್ತೆ ಏಳುತ್ತದೆ. ಒಳಚರಂಡಿಯ ನೀರನ್ನು ಕೆರೆ ಸೇರುವ ಮೊದಲೇ ಶುದ್ಧೀಕರಿಸಬೇಕು, ತಳದ ಹೂಳನ್ನು ತೆಗೆಯಬೇಕು. ಬೇರೆ ದಾರಿಯಿಲ್ಲ.