ಕ್ಯಾಂಟನೀಸ್ ದಸ್ಯುಚಿತ್ರಗಳಲ್ಲಿ ವೀರರಸ

ಉತ್ತಮಪ್ರಕೃತಿಯವರ ಉತ್ಸಾಹವೇ ವೀರರಸಕ್ಕೆ ಮೂಲವೆಂದು ಭರತಮುನಿಯ ಮತವಷ್ಟೆ. ಹಾಗಾದರೆ ಖೋಟಾನೋಟಿನ ವ್ಯಾಪಾರಿಯೊಬ್ಬನು ನಾಯಕನಾದ ಕಥೆಯಲ್ಲಿ ಸಹೃದಯರು ಮೈಮರೆಯುವುದೇಕೆ? ರಸಾಭಾಸವೆಂದು ತಳ್ಳಿಬಿಡಬಹುದೇ? ಹಾಂಗ್‌ಕಾಂಗಿನಲ್ಲಿ ಜಾನ್ ವೂ ಅವರು ೧೯೮೬ರಲ್ಲಿ ನಿರ್ದೇಶಿಸಿದ ‘ಎ ಬೆಟರ್ ಟುಮಾರೋ’ ಚಿತ್ರವನ್ನು ನೋಡಿದಂದಿನಿಂದ ಈ ಶಂಕೆ ನಮ್ಮನ್ನು ಬಾಧಿಸುತ್ತಿದೆ. ಅದರ ಚೀಣೀ ಹೆಸರಿಗೆ ‘ವೀರನ ನಿಜಸ್ವರೂಪ’ವೆಂದೇ ಅರ್ಥ.

ಚೌ ಯುನ್-ಫಾಟ್ ಅಭಿನಯಿಸಿರುವ ಮಾರ್ಕನು ಖೋಟಾ ಡಾಲರ್ ನೋಟನ್ನು ಉರಿಸಿ ಸಿಗರೇಟು ಹೊತ್ತಿಸುತ್ತಾನೆ. ಇದು ಬರಿಯ ಬೆಡಗು. ಆದರೆ ಮಿತ್ರನಿಗಾದ ದ್ರೋಹಕ್ಕೆ ಪ್ರತೀಕಾರವೆಸಗಲು ತೈವಾನಿನ ಭೋಜನಶಾಲೆಯೊಂದನ್ನು ಹೊಗುವಾಗ, ಓಣಿಯ ಹೂಕುಂಡಗಳಲ್ಲಿ ಪಿಸ್ತೂಲುಗಳನ್ನು ಅಡಗಿಸುತ್ತ ನಡೆಯುವ ಆ ನಿಧಾನಗತಿ ಬೆಡಗಲ್ಲ. ಮರಳುವ ದಾರಿ ಕಠಿನವೆಂದು ಬಲ್ಲವನ ಧೃತಿ. ಕಾಲಿಗೆ ಗುಂಡು ತಗುಲಿ ಕುಂಟನಾದವನು ಬಳಿಕ ಕಾರುಗಳನ್ನು ತೊಳೆದು ಹೊಟ್ಟೆಹೊರೆಯುವನು. ಕಡೆಯಲ್ಲಿ ದೋಣಿಯೇರಿ ಪಾರಾಗಬಹುದಾಗಿದ್ದರೂ ಗೆಳೆಯನಿಗಾಗಿ ಹಿಂದಿರುಗಿ ಮಡಿಯುವನು. ಪಂಪನ ಕರ್ಣನನ್ನು ಓದಿದವರಿಗೆ ಹೆಚ್ಚು ಹೇಳಬೇಕಾದುದಿಲ್ಲ.

ಚೀಣೀಯರು ಈ ನಿಷ್ಠೆಯನ್ನು ‘ಯಿ’ ಎನ್ನುವರು. ವೂ ಅವರು ಖಡ್ಗಯುದ್ಧದ ಚಿತ್ರಗಳಿಗೆ ಹೆಸರಾದ ಚಾಂಗ್ ಚೆ ಅವರಲ್ಲಿ ಸಹಾಯಕರಾಗಿದ್ದವರು. ಚಾಂಗರ ನಾಯಕನಟನಾಗಿದ್ದ ಟೀ ಲುಂಗ್ ಇಲ್ಲಿ ಮಾರ್ಕನ ಮಿತ್ರ. ಕತ್ತಿ ಹೋಗಿ ಪಿಸ್ತೂಲು ಬಂದಿದೆ, ಧರ್ಮ ಹಳೆಯದೇ. ಆದುದರಿಂದ ವೃತ್ತಿಯು ಅಧಮವಾದರೂ ಪ್ರಕೃತಿಯು ಉತ್ತಮವೆಂದು ನಮ್ಮ ಸಮಾಧಾನ. ೧೯೯೨ರ ‘ಹಾರ್ಡ್ ಬಾಯಿಲ್ಡ್’ನಲ್ಲಿ ಆಸ್ಪತ್ರೆಯ ಕಾಳಗ ಬಹಳ ಬೆಳೆದಿದೆ, ಅಲ್ಲಿ ಅದ್ಭುತವು ವೀರವನ್ನು ನುಂಗಿತೆಂದೇ ನಮಗೆ ತೋರುತ್ತದೆ.