ಹನ್ನೊಂದು ಸ್ಕ್ರೂ ಬಿಚ್ಚಿಸಿ ನೋಡಿ

ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು ಒಂದು ರಾತ್ರಿ ನನ್ನ ಫೋನಿಗೆ ಏಳು ಫೋಟೊ, ಒಂದು ವಿಡಿಯೊ ಕಳಿಸಿದಳು. ಹಿಂದೆಯೇ ಕರೆ ಬಂತು. "ಮಾಮ, ಪುಣೆಯವರೊಬ್ಬರು ಎಲೆಕ್ಟ್ರಿಕ್ ಗಿಟಾರ್ ಮಾರ್ತಿದಾರೆ. ಸ್ಕ್ವಾಯರ್ ಸ್ಟ್ರಾಟೊಕಾಸ್ಟರ್. ಪಿಕಪ್ ಬದಲಾಯಿಸಿದಾರಂತೆ, ಟ್ಯೂನಿಂಗ್ ಕೀ ಹೊಸದಂತೆ. 18 ಸಾವಿರ ಹೇಳ್ತಿದಾರೆ. ತಗೊಳ್ಳಲಾ?"

"ಬೆಳಿಗ್ಗೆ ನೋಡಿ ಹೇಳ್ತೀನಿ ಪುಟ್ಟಿ. ಅಲ್ಲೀವರೆಗೂ ಒಂದು ರೂಪಾಯಿನೂ ಕಳಿಸಬೇಡ" ಎಂದೆ.

ತಿಪಟೂರಿನಲ್ಲಿ ನನ್ನದು ರಿಪೇರಿ ಅಂಗಡಿ. ಅಪ್ಪ ರೇಡಿಯೊ ರಿಪೇರಿಗೆಂದು ತೆರೆದದ್ದು. ಈಗ ರೇಡಿಯೊ ಬರುವುದು ಅಪರೂಪ. ಗಣೇಶನ ಹಬ್ಬ, ರಾಜ್ಯೋತ್ಸವದ ದಿನಗಳಲ್ಲಿ ಆರ್ಕೆಸ್ಟ್ರಾದವರ ಆಂಪ್ಲಿಫೈಯರ್, ಮಿಕ್ಸರ್, ಕೀಬೋರ್ಡ್, ಗಿಟಾರ್‌ಗಳು ಸಾಲಾಗಿ ಬರುತ್ತವೆ. ಅಪ್ಪ ಹೇಳಿಕೊಟ್ಟದ್ದು ಒಂದೇ ಪಾಠ: ಮೊದಲು ಹಿಂದಿನ ಮುಚ್ಚಳ ತೆಗೆದು, ನಮಗಿಂತ ಮುಂಚೆ ಯಾರ ಕೈ ಆಡಿದೆ ಎಂದು ನೋಡು. ಮಾರ್ಪಾಡು ಮಾಡಿದ ಹಳೆಯ ಗಿಟಾರನ್ನು ಆನ್‌ಲೈನ್‌ನಲ್ಲಿ ಕೊಳ್ಳುವವರಿಗೂ ನಾನು ಇದನ್ನೇ ಹೇಳುತ್ತೇನೆ. ಯಾವ ಕಂಪನಿಯ ಬಿಡಿಭಾಗ ಹಾಕಿದ್ದಾರೆ ಎನ್ನುವುದು ಎರಡನೆಯ ಪ್ರಶ್ನೆ. ಹಾಕಿದ ಕೈ ಎಂಥದ್ದು ಎನ್ನುವುದು ಮೊದಲನೆಯದು.

ಬಿಚ್ಚಿ ಜೋಡಿಸಲೆಂದೇ ಹುಟ್ಟಿದ್ದು

ಸ್ಕ್ವಾಯರ್ ಎಂದರೆ ಫೆಂಡರ್ ಕಂಪನಿಯದೇ ಕಡಿಮೆ ಬೆಲೆಯ ಬ್ರಾಂಡ್. ಸ್ಟ್ರಾಟೊಕಾಸ್ಟರ್, ಚಿಕ್ಕದಾಗಿ ಸ್ಟ್ರಾಟ್, ಎಂಬ ಮಾದರಿಯನ್ನು 1954ರಲ್ಲಿ ಹೊರತಂದ ಲಿಯೋ ಫೆಂಡರ್ ಕೂಡ ರೇಡಿಯೊ ರಿಪೇರಿಯವರೇ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ 1938ರಲ್ಲಿ ಅಂಗಡಿ ತೆರೆದಿದ್ದರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಆದರೆ ರಿಪೇರಿ ಮಾಡುವವನ ಕಷ್ಟ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವರ ಗಿಟಾರ್‌ನಲ್ಲಿ ನೆಕ್, ಅಂದರೆ ಕತ್ತನ್ನು, ಅಂಟು ಹಾಕಿ ಕೂರಿಸಿಲ್ಲ, ನಾಲ್ಕು ಸ್ಕ್ರೂಗಳಲ್ಲಿ ಬಿಗಿದಿದೆ. ತಂತಿಯ ಕಂಪನ ಹಿಡಿಯುವ ಪಿಕಪ್, ಸ್ವಿಚ್, ವಾಲ್ಯೂಮ್ ಎಲ್ಲವೂ ಪಿಕ್‌ಗಾರ್ಡ್ ಎಂಬ ಒಂದು ಪ್ಲಾಸ್ಟಿಕ್ ಹಲಗೆಗೆ ತೂಗುಬಿದ್ದಿವೆ. ಈಗಿನ ಬಹುಪಾಲು ಸ್ಟ್ರಾಟ್‌ಗಳಲ್ಲಿ ಆ ಹಲಗೆಯನ್ನು ಹಿಡಿದಿರುವುದು ಹನ್ನೊಂದು ಸ್ಕ್ರೂ. ಅಷ್ಟನ್ನು ತೆಗೆದರೆ ಗಿಟಾರ್‌ನ ಹೊಟ್ಟೆ ಪೂರ್ತಿ ಕಾಣುತ್ತದೆ.

ಇಷ್ಟು ಸುಲಭವಾಗಿ ಬಿಚ್ಚಬಹುದಾದ್ದರಿಂದಲೇ ಇದರ ಮೇಲೆ ಪ್ರಯೋಗವೂ ಹೆಚ್ಚು. ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಅವರ 'ಬ್ಲ್ಯಾಕಿ' ಗಿಟಾರನ್ನು ಹಲವು ಹಳೆಯ ಸ್ಟ್ರಾಟ್‌ಗಳ ಭಾಗಗಳಿಂದ ಜೋಡಿಸಿದ್ದು. 2004ರ ಹರಾಜಿನಲ್ಲಿ ಅದಕ್ಕೆ 9,59,500 ಡಾಲರ್ ಬಂತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟ್‌ಗೆ ನೆಕ್, ಪಿಕಪ್, ತಂತಿಗಳ ಬುಡ ಹಿಡಿಯುವ ಬ್ರಿಜ್ ಎಲ್ಲವೂ ಬದಲಾಗಿದ್ದವು. 2019ರಲ್ಲಿ ಅದು 39,75,000 ಡಾಲರ್‌ಗೆ ಹೋಯಿತು. ಆ ಬೆಲೆ ಅದನ್ನು ನುಡಿಸಿದ ಕೈಗಳಿಗೆ ಸಂದದ್ದು. ನಮ್ಮ ನಿಮ್ಮ ಗಿಟಾರ್‌ಗಳಿಗೆ ಮಾರುಕಟ್ಟೆಯ ಲೆಕ್ಕ ಬೇರೆ: ಮಾರ್ಪಾಡಿಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬರುವುದಿಲ್ಲ.

ವಾಪಸ್ ಬರುವ ದಾರಿ ಇದೆಯೇ?

ಮಾರುವವರು 'ಫುಲ್ ಅಪ್‌ಗ್ರೇಡ್' ಎಂದು ಬರೆದಿದ್ದರೆ ನಾನು ಆ ಪಟ್ಟಿಯನ್ನು ಎರಡು ಭಾಗ ಮಾಡುತ್ತೇನೆ. ಪಿಕಪ್, ವಾಲ್ಯೂಮ್ ಪಾಟ್, ಸ್ವಿಚ್, ಹಳೆಯ ತೂತಿನಲ್ಲೇ ಕೂತ ಟ್ಯೂನಿಂಗ್ ಕೀ, ಇವನ್ನೆಲ್ಲ ತೆಗೆದು ಮೊದಲಿನಂತೆ ಮಾಡಬಹುದು. ಮರ ಕೊರೆದದ್ದು, ಹೊಸ ತೂತು ಹಾಕಿದ್ದು, ಬಣ್ಣ ಕೆರೆದು ಮತ್ತೆ ಬಳಿದದ್ದು, ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ ಫ್ರೆಟ್‌ಬೋರ್ಡ್ ತೋಡಿದ್ದು, ಫ್ಲಾಯ್ಡ್ ರೋಸ್ ಎಂಬ ಬಗೆಯ ಬ್ರಿಜ್‌ಗೆಂದು ದೇಹದಲ್ಲಿ ಗುಳಿ ಮಾಡಿದ್ದು, ಇವು ವಾಪಸ್ ಬರುವುದಿಲ್ಲ. ಮೊದಲನೆಯ ಗುಂಪಿಗೆ ಒಂದಷ್ಟು ಬೆಲೆ ಕೊಡಬಹುದು, ಅದೂ ಕಳಚಿದ ಹಳೆಯ ಭಾಗಗಳು ಜೊತೆಗೆ ಬಂದರೆ. ಎರಡನೆಯ ಗುಂಪಿಗೆ ಬೆಲೆ ಇಳಿಸಬೇಕು.

ಸೀರಿಯಲ್ ಸಂಖ್ಯೆ ನೋಡಿ ನಿಶ್ಚಿಂತರಾಗುವವರು ಬಹಳ. ನೆಕ್ ಸ್ಕ್ರೂಗಳ ಮೇಲೆ ನಿಂತಿರುವ ಗಿಟಾರ್‌ನಲ್ಲಿ ತಲೆಯ ಮೇಲೆ ಅಚ್ಚಾದ ಸಂಖ್ಯೆ ಆ ನೆಕ್‌ನ ಹುಟ್ಟನ್ನಷ್ಟೇ ಹೇಳುತ್ತದೆ. ದೇಹ ಇನ್ನೊಂದು ಗಿಟಾರ್‌ನದಾಗಿರಬಹುದು. ಐ ಸಿ ಎಸ್ ಎಂದು ಶುರುವಾದರೆ ಇಂಡೋನೇಷ್ಯಾದಲ್ಲಿ ತಯಾರಾದ ಸ್ಕ್ವಾಯರ್ ನೆಕ್, ನಂತರದ ಎರಡು ಅಂಕಿ ವರ್ಷ.

ಫ್ರೆಟ್‌ಬೋರ್ಡಿನ ಮರವೂ ಸಾಕ್ಷಿ ಹೇಳುತ್ತದೆ. ನಮ್ಮ ಮಲೆನಾಡು, ಕೊಡಗಿನ ಕಾಡುಗಳಲ್ಲಿ ಬೆಳೆಯುವ ಬೀಟೆಯನ್ನೇ ಜಗತ್ತು ಇಂಡಿಯನ್ ರೋಸ್‌ವುಡ್ ಎನ್ನುವುದು. ಗಿಟಾರ್ ಕಂಪನಿಗಳು ಅದನ್ನು ದಶಕಗಳ ಕಾಲ ಬಳಸಿದವು. 2017ರ ಜನವರಿಯಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಾಗ ಹಲವು ಕಾರ್ಖಾನೆಗಳು ಬೇರೆ ಮರಕ್ಕೆ ಹೊರಳಿದವು. ಸ್ಕ್ವಾಯರ್ ಆಮೇಲೆ ಬಳಸತೊಡಗಿದ ಇಂಡಿಯನ್ ಲಾರೆಲ್ ಎಂದರೆ ನಮ್ಮ ಮತ್ತಿ. ತಯಾರಾಗಿ ಮುಗಿದ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ಆ ನಿರ್ಬಂಧದಿಂದ ವಿನಾಯಿತಿ ಸಿಕ್ಕಿತು. 2011ರ ಗಿಟಾರ್ ಎಂದು ಹೇಳುತ್ತ ಮತ್ತಿ ಮರದ ನೆಕ್ ತೋರಿಸಿದರೆ, ಆ ನೆಕ್ ಆಮೇಲೆ ಬಂದದ್ದು. ಬಂದಿರಲಿ, ತಪ್ಪಿಲ್ಲ. ಆದರೆ ಹೇಳಬೇಕು.

ಮೊದಲು ನೆಕ್

ಮಾರನೆಯ ಬೆಳಿಗ್ಗೆ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಏಳೂ ಎದುರಿನಿಂದ ತೆಗೆದವು. ಹಿಂಬದಿ ಇಲ್ಲ, ನೆಕ್‌ನ ಪಕ್ಕ ಇಲ್ಲ, ತಲೆಯ ಹಿಂಭಾಗ ಇಲ್ಲ. ನಾನು ಹೇಳಿದ್ದನ್ನೆಲ್ಲ ಹುಡುಗಿ ಬರೆದುಕೊಂಡು ಅವರಿಗೆ ಕೇಳಿದಳು.

ಕೇಳಿದ್ದರಲ್ಲಿ ಮೊದಲನೆಯದು, ತಲೆ ಮತ್ತು ನೆಕ್ ಸೇರುವ ಜಾಗದ ಹಿಂಬದಿ, ಕಿಟಕಿಯ ಬೆಳಕು ಅಡ್ಡಲಾಗಿ ಬೀಳುವ ಹಾಗೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ವರ್ಷಗಳ ಹಿಂದೆ ಹೀಗೇ ಫೋಟೊ ನೋಡಿ ಕಡುಗೆಂಪು ಬಣ್ಣದ, ಲೆಸ್ ಪಾಲ್ ಮಾದರಿಯ ಗಿಟಾರ್ ತರಿಸಿದ್ದೆ. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಸ ತಂತಿ ಹಾಕಿ ಬಿಗಿ ಮಾಡಿದ ಎರಡನೆಯ ದಿನ ತಲೆಯ ಬುಡದಲ್ಲಿ ತಂತಿಗಳು ಹಾಯುವ ನಟ್ ಪಟ್ಟಿಯ ಹಿಂದೆ ಕೂದಲೆಳೆಯಷ್ಟು ಗೆರೆ ಕಾಣಿಸಿತು, ವಾರದಲ್ಲಿ ತಲೆ ಬಾಗಿತು. ಮುರಿದದ್ದನ್ನು ಅಂಟಿಸಿ ಮೇಲೆ ಬಣ್ಣ ಬಳಿದಿದ್ದರು. ಮೇಲೆ ಥಳಕು, ಒಳಗೆ ಹುಳುಕು. ಆ ಮಾದರಿಯಲ್ಲಿ ತಲೆ ಹಿಂದಕ್ಕೆ ವಾಲಿರುತ್ತದೆ. ನೆಕ್ ಅನ್ನು ನೇರವಾಗಿಡುವ ಟ್ರಸ್ ರಾಡ್ ಎಂಬ ಉಕ್ಕಿನ ಕಂಬಿಗಾಗಿ ಅದೇ ಜಾಗದಲ್ಲಿ ಮರ ಕೊರೆದಿರುತ್ತಾರೆ. ಬಿದ್ದರೆ ಮುರಿಯುವುದು ಅಲ್ಲೇ. ಫೆಂಡರ್ ಮಾದರಿಯ ಚಪ್ಪಟೆ ತಲೆಗೆ ಈ ಭಯ ಕಡಿಮೆ, ಆದರೂ ಕೇಳಿಬಿಡಬೇಕು.

ಎರಡನೆಯದು ನೆಕ್‌ನ ಬಾಗು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದರೆ ತಂತಿಯೇ ನೇರಪಟ್ಟಿಯಾಗುತ್ತದೆ. ಏಳು, ಎಂಟನೆಯ ಫ್ರೆಟ್ ಮೇಲೆ ವಿಸಿಟಿಂಗ್ ಕಾರ್ಡಿನಷ್ಟು, ಅಂದರೆ ಸುಮಾರು ಕಾಲು ಮಿಲಿಮೀಟರ್ ಸಂದು ಇದ್ದರೆ ಸರಿ. ಹೆಚ್ಚು ಬಾಗಿದ್ದರೆ, ಟ್ರಸ್ ರಾಡ್ ಇನ್ನೂ ತಿರುಗುತ್ತದೆಯೇ ಎಂದು ಕೇಳಬೇಕು. ಕೊನೆಯವರೆಗೂ ಬಿಗಿದು ಮುಗಿದಿದ್ದರೆ ಆ ಗಿಟಾರ್ ಬಿಟ್ಟುಬಿಡಿ, ಪಿಕಪ್ ಚಿನ್ನದ್ದಾದರೂ.

ಮೂರನೆಯದು ಫ್ರೆಟ್. ತಂತಿಯ ಕೆಳಗೆ ಫ್ರೆಟ್‌ನ ನೆತ್ತಿ ಚಪ್ಪಟೆಯಾಗಿ ಗುಳಿ ಬಿದ್ದಿದೆಯೇ? ಮೊದಲ ಮೂರು ಫ್ರೆಟ್ ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಫ್ರೆಟ್ ಪೂರ್ತಿ ಬದಲಾಯಿಸುವ ಖರ್ಚು ಇಂಥ ಗಿಟಾರ್‌ನ ಬೆಲೆಯ ದೊಡ್ಡ ಪಾಲನ್ನೇ ತಿನ್ನುತ್ತದೆ. ಕರಾವಳಿಯಿಂದ ಬರುವ ಗಿಟಾರ್ ಆದರೆ ಬ್ರಿಜ್‌ನ ಸಣ್ಣ ಸ್ಕ್ರೂಗಳನ್ನೂ ನೋಡಿ. ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತ ಸ್ಕ್ರೂ ತಿರುಗದಿದ್ದರೆ ತಂತಿಯ ಎತ್ತರ ಸರಿಮಾಡಲು ಆಗುವುದಿಲ್ಲ.

ಪುಣೆಯ ಗಿಟಾರ್‌ನ ನೆಕ್ ನೇರವಾಗಿತ್ತು. ಫ್ರೆಟ್‌ಗಳಲ್ಲಿ ಇನ್ನೂ ಜೀವ ಇತ್ತು. ಮುಂದಕ್ಕೆ ಹೋಗಬಹುದು ಎಂದೆ.

ಸ್ವಿಚ್ ಹಿಂದಕ್ಕೆ ಹೋಗಲೇ ಇಲ್ಲ

ಅಷ್ಟರಲ್ಲಿ ಹುಡುಗಿಯೇ ಒಂದು ಮಾತು ಹೇಳಿದಳು. "ಮಾಮ, ವಿಡಿಯೊ ನಾಲ್ಕು ಸಲ ನೋಡಿದೆ. ಸ್ವಿಚ್ ಐದು ಕಡೆ ಹೋಗ್ಬೇಕಲ್ವಾ? ಅವರು ಬ್ರಿಜ್ ಕಡೆಗೆ ಹಾಕ್ತಾನೇ ಇಲ್ಲ." ನಾನು ನೋಡಿದೆ, ನಿಜ. ಬದಲಾಯಿಸಿದ್ದು ಬ್ರಿಜ್ ಹತ್ತಿರದ ಪಿಕಪ್. ಬೆಲೆ ಏರಿದ್ದೇ ಅದರಿಂದ, ಅದರ ಸದ್ದೇ ವಿಡಿಯೊದಲ್ಲಿ ಇಲ್ಲ.

ಹಾಕಿದ್ದದ್ದು ಹಂಬಕರ್. ಮಾಮೂಲಿ ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಅಯಸ್ಕಾಂತಗಳ ಸುತ್ತ ಕೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಅದು ಗಿಟಾರ್ ತಂತಿಯ ಕಂಪನದ ಜೊತೆಗೆ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಹಂಬಕರ್‌ನಲ್ಲಿ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಆ ಗದ್ದಲವನ್ನು ಅಳಿಸುತ್ತಾರೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು.

ಇಲ್ಲಿ ಪ್ರತಿಯೊಬ್ಬರೂ ಮಾಡಿಸಬಹುದಾದ ಒಂದು ಪರೀಕ್ಷೆ ಇದೆ. ಗಿಟಾರಿಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್‌ನ ಇನ್ನೊಂದು ಪಿನ್ನಿನ ತುದಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿದು ಓಮ್ ಓದಬೇಕು. ಸಿಂಗಲ್ ಕಾಯಿಲ್ ಆದರೆ ಸಾಮಾನ್ಯವಾಗಿ 5.5ರಿಂದ 7 ಕಿಲೋ ಓಮ್, ಹಂಬಕರ್ ಆದರೆ 7ರಿಂದ 9, ಜೋರು ಸದ್ದಿನದಾದರೆ 16ರವರೆಗೂ ಬರುತ್ತದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಸದ್ದು ಉತ್ತಮ ಎಂದಲ್ಲ, ಪಿಕಪ್ ಬದುಕಿದೆ ಎಂದಷ್ಟೇ ಅರ್ಥ.

ಪುಣೆಯವರು ಪಕ್ಕದ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ತಂದು ವಿಡಿಯೊ ಮಾಡಿದರು. ನೆಕ್ ಪಿಕಪ್ 5.9, ಮಧ್ಯದ್ದು 6. ಬ್ರಿಜ್ ಕಡೆಗೆ ತಿರುಗಿಸಿದಾಗ 240. ಅಂದರೆ ಮೀಟರಿಗೆ ಪಿಕಪ್ ಕಾಣುತ್ತಲೇ ಇಲ್ಲ, 250 ಕಿಲೋ ಓಮ್‌ನ ವಾಲ್ಯೂಮ್ ಪಾಟ್ ಒಂದೇ ಕಾಣುತ್ತಿದೆ. ದಾರಿ ಎಲ್ಲೋ ಕಡಿದಿದೆ.

ಹನ್ನೊಂದು ಸ್ಕ್ರೂ ಬಿಚ್ಚಿ ತೋರಿಸಿ ಎಂದು ಕೇಳಿದೆವು. ಅವರು ಸ್ವಲ್ಪ ಹಿಂಜರಿದರು, ಆಮೇಲೆ ತೋರಿಸಿದರು. ಹಂಬಕರ್ ಹಿಡಿಸಲು ಉಳಿಯಿಂದ ಕೆತ್ತಿದ ಗುಳಿ, ಅಂಚೆಲ್ಲ ಸಿಬಿರು. ರೂಟರ್ ಯಂತ್ರದಲ್ಲಿ ಮಾಡಿದ್ದರೆ ಗೋಡೆ ನುಣ್ಣಗಿರುತ್ತದೆ. ಪಾಟ್‌ಗಳ ಬೆನ್ನ ಮೇಲೆ ಬೆಸುಗೆ ಹೊಳಪಿಲ್ಲದೆ ಬೂದು ಬೂದಾಗಿ ಉಂಡೆಗಟ್ಟಿತ್ತು. ನಮ್ಮ ಕಸುಬಿನಲ್ಲಿ ಡ್ರೈ ಸೋಲ್ಡರ್ ಎನ್ನುತ್ತೇವೆ: ಕಾವು ಸಾಲದೆ ಸೀಸ ಮೇಲೆ ಕೂತಿರುತ್ತದೆ, ಹಿಡಿದಿರುವುದಿಲ್ಲ. ನೋಡಿ ಅವರೇ ಬೇಜಾರುಪಟ್ಟರು. ಅವರೂ ಅದನ್ನು ಹೀಗೇ, ಒಳಗೆ ನೋಡದೆ ಕೊಂಡಿದ್ದರಂತೆ.

ಬೆಲೆ ಕಟ್ಟಿದ ಬಗೆ

ನಾನೇ ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಂಬಕರ್‌ನಿಂದ ನಾಲ್ಕು ತಂತಿ ಬರುತ್ತವೆ, ಅದರಲ್ಲಿ ಎರಡನ್ನು ಒಂದಕ್ಕೊಂದು ಸೇರಿಸಿ ಟೇಪ್ ಸುತ್ತಬೇಕು. ಆ ಜೋಡಣೆ ಬಿಟ್ಟಿರಬಹುದು, ಆಗ ಐದು ನಿಮಿಷದ ಕೆಲಸ. ಕಾಯಿಲ್ ಒಳಗೇ ಕಡಿದಿದ್ದರೆ ಪಿಕಪ್ ಹೋದ ಹಾಗೆ. ನೀವು ಅಲ್ಲೇ ರಿಪೇರಿ ಮಾಡಿಸಿ ಹೆಚ್ಚಿಗೆ ಮಾರಬಹುದು, ಅಥವಾ ಈಗಲೇ ಪಿಕಪ್‌ನ ಬೆಲೆ ಸೊನ್ನೆ ಎಂದಿಟ್ಟುಕೊಂಡು ಕೊಡಬಹುದು. ಮಾರ್ಪಾಡಿಲ್ಲದ ಅದೇ ಮಾದರಿ ಹಳೆಯದು ಎಷ್ಟಕ್ಕೆ ಹೋಗುತ್ತಿದೆ ಎಂದು ನೋಡಿ, ಕೆತ್ತಿದ ಮರಕ್ಕೆ ಒಂದಷ್ಟು ಕಳೆದು, 13 ಸಾವಿರ ಹೇಳಿದೆ. ಅವರು ಒಪ್ಪಿದರು.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ವಿಡಿಯೊ ಕರೆಯಲ್ಲಿ ಗಿಟಾರನ್ನೂ ಅಂದಿನ ಪತ್ರಿಕೆಯನ್ನೂ ಒಟ್ಟಿಗೆ ತೋರಿಸಲು ಒಪ್ಪದವರಿಗೆ ಮುಂಗಡ ಕಳಿಸಬೇಡಿ. ನೀವು ಮಾರುವವರಾದರೆ, ದುಡ್ಡು ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ ಎನ್ನುವುದು ನೆನಪಿರಲಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕೊರಿಯರ್‌ಗೆ ಕೊಡುವಾಗ ತಂತಿ ಸ್ವಲ್ಪ ಸಡಿಲಿಸಿ, ನೆಕ್ ಮತ್ತು ತಲೆಯ ಕೆಳಗೆ ಬಟ್ಟೆಯ ಆಸರೆ ಇಡಲು ಹೇಳಿ.

ಪೆಟ್ಟಿಗೆ ತಿಪಟೂರಿಗೆ ಬಂತು. ಅಕ್ಕನ ಮಗಳು ಭಾನುವಾರ ಬಂದು ಅಂಗಡಿಯಲ್ಲೇ ಕೂತಳು, ಹನ್ನೊಂದು ಸ್ಕ್ರೂ ಅವಳೇ ಬಿಚ್ಚಿದಳು. ಕೆಂಪು ತಂತಿ, ಬಿಳಿ ತಂತಿ ಟೇಪಿನೊಳಗೆ ಬೇರೆ ಬೇರೆಯಾಗಿದ್ದವು. ಬೆಸುಗೆ ಹಾಕಿ ಮೀಟರ್ ಹಿಡಿದಾಗ 8.1 ಕಿಲೋ ಓಮ್ ಬಂತು. ಉಳಿದ ಬೆಸುಗೆಗಳನ್ನೂ ಬಿಡಿಸಿ ಹೊಸದಾಗಿ ಹಾಕಿದೆವು. ಪುಣೆಯವರಿಗೆ ಫೋನ್ ಮಾಡಿ ಪಿಕಪ್ ಸರಿಯಾಯಿತು ಎಂದೂ ತಿಳಿಸಿದೆ.

ಮಾರ್ಪಾಡು ಮಾಡಿಸುವ ಎಲ್ಲರಲ್ಲಿ ನನ್ನದೊಂದು ಕೋರಿಕೆ. ಕಳಚಿದ ಹಳೆಯ ಭಾಗಗಳನ್ನು ಎಸೆಯಬೇಡಿ. ಏನು ಬದಲಾಯಿಸಿದಿರಿ, ಯಾವಾಗ, ಯಾರು ಮಾಡಿದರು ಎಂದು ಒಂದು ಚೀಟಿಯಲ್ಲಿ ಬರೆದು ಆ ಭಾಗಗಳ ಜೊತೆಗೆ ಇಡಿ. ಮಾರುವ ದಿನ ಆ ಚೀಟಿಯ ಫೋಟೊವನ್ನೂ ಹಾಕಿ. ನಮ್ಮ ಹುಡುಗಿಯ ಗಿಟಾರ್‌ನ ಪಿಕ್‌ಗಾರ್ಡ್ ಕೆಳಗೆ ಈಗ ಅಂಥ ಒಂದು ಚೀಟಿ ಇದೆ.