ಮಂಗಳವಾರ್ತೆಯ ಹಬ್ಬಕ್ಕೆ ಒಂದು ಕಾಗದ



ಮಾರ್ಚ್ 25 ಮಂಗಳವಾರ್ತೆಯ ಹಬ್ಬ. ಕ್ರಿಸ್ತಜಯಂತಿಗೆ ಸರಿಯಾಗಿ ಒಂಬತ್ತು ತಿಂಗಳು ಮೊದಲು ಬರುವ ಹಬ್ಬವಿದು. ದೇವಪುತ್ರರು ಗೋದಲಿಗೆ ಬರುವ ಮೊದಲೇ ತಾಯಿ ಮರಿಯಮ್ಮನವರ ಉದರದಲ್ಲಿ ನಮ್ಮೊಡನೆ ವಾಸಮಾಡಿದರು. ಸಂತ ಎರಡನೇ ಜಾನ್ ಪೌಲರು ಮಾನವ ಜೀವದ ಪಾವಿತ್ರ್ಯವನ್ನು ಕುರಿತ ತಮ್ಮ ವಿಶ್ವಪರಿಪತ್ರವನ್ನು 1995ರಲ್ಲಿ ಹೊರಡಿಸಿದ್ದೂ ಇದೇ ಹಬ್ಬದಂದು. ಈ ಹಬ್ಬದ ವಾರದಲ್ಲಿ ಪ್ರತಿ ಕುಟುಂಬವೂ ಜನಪ್ರತಿನಿಧಿಗಳಿಗೆ ಒಂದು ಕಾಗದ ಬರೆಯಬಹುದು. ಆದರೆ ಯಾರಿಗೆ, ಏನೆಂದು ಬರೆಯಬೇಕು?

ಮೊದಲು ಎರಡು ಕಾನೂನುಗಳನ್ನು ಬೇರೆಬೇರೆಯಾಗಿ ತಿಳಿಯೋಣ. ಗರ್ಭಪಾತಕ್ಕೆ ಅವಕಾಶ ಕೊಟ್ಟಿದ್ದು 1971ರ ಕಾಯಿದೆ. 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಇದ್ದ 20 ವಾರಗಳ ಮಿತಿಯನ್ನು 24 ವಾರಗಳಿಗೆ ಏರಿಸಿತು. ಇದು ಸಂಸತ್ತಿನ ಕಾಯಿದೆ; ಆದ್ದರಿಂದ ಇದರ ಬಗ್ಗೆ ನಮ್ಮ ಲೋಕಸಭಾ ಸದಸ್ಯರಿಗೂ ಕೇಂದ್ರ ಆರೋಗ್ಯ ಸಚಿವರಿಗೂ ಬರೆಯಬೇಕು.

ಇನ್ನೊಂದು 1994ರ ಕಾಯಿದೆ. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆಮಾಡಿ ಹೇಳುವುದು ಇದರ ಪ್ರಕಾರ ಅಪರಾಧ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಆರೋಪದ ಜಾಲ ಬಯಲಾಗಿ, ತನಿಖೆ ಸಿಐಡಿಗೆ ಹೋಯಿತು. ಈ ಕಾಯಿದೆಯನ್ನು ಜಾರಿಗೆ ತರುವ ಹೊಣೆ ರಾಜ್ಯದ್ದು. ಆದ್ದರಿಂದ ಸ್ಕ್ಯಾನಿಂಗ್ ಕೇಂದ್ರಗಳ ತಪಾಸಣೆ ಬಿಗಿಯಾಗಲಿ ಎಂದು ಶಾಸಕರಿಗೂ ರಾಜ್ಯದ ಆರೋಗ್ಯ ಸಚಿವರಿಗೂ ಬರೆಯಬೇಕು.

ಕಾಗದ ಬರೆದರೆ ಏನಾದೀತು ಎಂದು ಕೆಲವರು ಕೇಳುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಮತ್ತು ಸುತ್ತಲಿನ ಅಮೃತಮಹಲ್ ಕಾವಲುಗಳನ್ನು ನೋಡಿರಿ. ದನಕುರಿ ಮೇಯುತ್ತಿದ್ದ ಸಾವಿರಾರು ಎಕರೆ ಹುಲ್ಲುಗಾವಲು ದೊಡ್ಡ ಸಂಸ್ಥೆಗಳ ಪಾಲಾದಾಗ ಅಲ್ಲಿನವರು ಸುಮ್ಮನಿರಲಿಲ್ಲ. ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿ, 2013ರಲ್ಲಿ ಸತ್ಯಶೋಧನಾ ಸಮಿತಿ ನೇಮಕವಾಯಿತು. ಕೇಳಿದ್ದೆಲ್ಲ ಸಿಗಲಿಲ್ಲ, ನಿಜ. ಆದರೆ ಕೇಳದೆ ಇದ್ದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹುಲ್ಲುಗಾವಲಿಗಾಗಿ ದನಿಯೆತ್ತಲು ಜನರಿದ್ದರು. ಗರ್ಭದ ಕಂದನಿಗೆ ದನಿಯೇ ಇಲ್ಲ.

ಬರೆಯುವ ಕ್ರಮ ಹೀಗಿರಲಿ. ಹಬ್ಬಕ್ಕೆ ಒಂದು ವಾರ ಮೊದಲು ವಾರ್ಡಿನ ಕುಟುಂಬಗಳು ಸೇರಿ, ಪ್ರಾರ್ಥಿಸಿ, ಬರೆಯಲು ಕೂರಲಿ. ಅಚ್ಚು ಹಾಕಿಸಿದ ನೂರು ಪ್ರತಿಗಳಿಗಿಂತ ಕೈಬರಹದ ಹತ್ತು ಕಾಗದಗಳು ಮೇಲು. ಒಂದು ಕಾಗದದಲ್ಲಿ ಒಂದೇ ಬೇಡಿಕೆ ಇರಲಿ. ಕೆಳಗೆ ಹೆಸರು, ಊರು, ಪಿನ್‌ಕೋಡ್ ಬರೆದು, ನಾವು ಆ ಕ್ಷೇತ್ರದ ಮತದಾರರೆಂದು ತಿಳಿಸೋಣ. ಬೈಗುಳ, ಬೆದರಿಕೆ, ಪಕ್ಷರಾಜಕೀಯ ಬೇಡ. ಯಾವ ಹೆಣ್ಣುಮಗಳ ಹೆಸರನ್ನೂ, ಗುರುತನ್ನೂ ಬರೆಯಲೇಬಾರದು. ತಿಂಗಳಾದರೂ ಉತ್ತರ ಬಾರದಿದ್ದರೆ ಮತ್ತೆ ಬರೆಯೋಣ. ನ್ಯಾಯಾಧಿಪತಿಯ ಬಾಗಿಲನ್ನು ಬಿಡದ ವಿಧವೆಯ ಸಾಮತಿಯನ್ನು ಪ್ರಭು ನಮಗೆ ಹೇಳಿದ್ದು ಇದಕ್ಕಾಗಿಯೇ ಅಲ್ಲವೇ?

ಬೇಡಿಕೆಯಲ್ಲಿ ತಾಯಿಯನ್ನು ಮರೆಯದಿರೋಣ. ಬಡತನ, ಭಯ, ಗಂಡನ ಮನೆಯವರ ಒತ್ತಾಯ ಅನೇಕ ತಾಯಂದಿರನ್ನು ಆ ಬಾಗಿಲಿಗೆ ದೂಡುತ್ತವೆ. ಮಗುವನ್ನು ಸಾಕಲಾಗದವರು 2015ರ ಬಾಲನ್ಯಾಯ ಕಾಯಿದೆಯಂತೆ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವೂ ಉಂಟು. ಈ ಮಾಹಿತಿ ಮತ್ತು ಮಕ್ಕಳ ಸಹಾಯವಾಣಿ 1098 ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕಾಣಲಿ ಎಂದು ಕೇಳೋಣ.

ಪ್ರಿಯರೇ, ಕಾಗದವನ್ನು ಡಬ್ಬಿಗೆ ಹಾಕಿದಲ್ಲಿಗೆ ನಮ್ಮ ಕೆಲಸ ಮುಗಿಯದು. ಕಷ್ಟದಲ್ಲಿರುವ ಗರ್ಭಿಣಿ ನಮ್ಮ ಬೀದಿಯಲ್ಲೇ ಇದ್ದಾಳು. ಎಲಿಜಬೇತಮ್ಮನ ಮನೆಗೆ ನಡೆದು ಹೋದ ಮರಿಯಮ್ಮನವರಂತೆ ನಾವೂ ಅವಳ ಮನೆಗೆ ಹೋಗೋಣ. ಆಗ ನಾವು ಬರೆದ ಮಾತಿಗೆ ಬೆಲೆ ಬರುತ್ತದೆ. ಜೀವದಾತರಾದ ದೇವರು ನಮ್ಮೆಲ್ಲರನ್ನೂ ಹರಸಲಿ.